ಮ್ವಾಸಾಕ್ ಯಾತ್ರಿಕರ ಮನೆಯ ಮಾಡು ರಿಪೇರಿಗೆ ಮನವಿ

ಆತ್ಮೀಯ ದಾನಿಗಳೇ,

ಕಳೆದ ವಾರದ ಮಳೆಗೆ ದಕ್ಷಿಣ ಫ್ರಾನ್ಸಿನ ಮ್ವಾಸಾಕ್ ಊರಿನಲ್ಲಿರುವ ನಮ್ಮ ಯಾತ್ರಿಕರ ಮನೆಯ ಮಾಡು ಮತ್ತೆ ಸೋರಿತು. ಮಧ್ಯರಾತ್ರಿ ಎದ್ದು ಬಕೆಟ್, ಪಾತ್ರೆ, ಕೊನೆಗೆ ಸೂಪಿನ ಬೋಗುಣಿಯನ್ನೂ ಮಂಚಗಳ ನಡುವೆ ಇಟ್ಟೆವು. ಫ್ರಾನ್ಸಿನದೇ ಲ ಪ್ವಿ ಪಟ್ಟಣದಿಂದ ಸುಮಾರು 400 ಕಿ.ಮೀ. ನಡೆದು ಬಂದಿದ್ದ ಹಿರಿಯರೊಬ್ಬರು, ಬೊಕ್ಕೆ ಎದ್ದ ಕಾಲು ಚಾಚಿಕೊಂಡು, ಅಡುಗೆಮನೆಯ ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದರು. ಒಂದು ಮಾತೂ ದೂರಲಿಲ್ಲ. ಬೆಳಿಗ್ಗೆ ಚೀಲ ಹೊತ್ತು ಸ್ಪೇನಿನ ಯಾತ್ರಾಸ್ಥಳ ಸಾಂತಿಯಾಗೊದ ದಾರಿ ಹಿಡಿದರು. ಅವರನ್ನು ಬೀಳ್ಕೊಡುವಾಗ ನಮಗೆ ತಲೆ ಎತ್ತಲಾಗಲಿಲ್ಲ.

ಈ ಊರಿನ ಹಿರಿಮೆ ನಿಮಗೆ ಹೊಸದಲ್ಲ. ಇಲ್ಲಿನ ಹಳೆಯ ಕ್ರೈಸ್ತ ಮಠದ ಅಧಿಪತಿ ಆನ್ಸ್ಕಿತಿಲ್ 1100ರಲ್ಲಿ ಮುಗಿಸಿದ ಅಂಗಳದ ಮೊಗಸಾಲೆ ಇವತ್ತಿಗೂ ನಿಂತಿದೆ: ಒಂಟಿ ಕಂಬ, ಜೋಡಿ ಕಂಬ, ಮತ್ತೆ ಒಂಟಿ, ಮೇಲೆ 76 ಕೆತ್ತನೆಯ ಬೋದಿಗೆಗಳು. ಮಠದ ಚರ್ಚಿನ ದಕ್ಷಿಣ ಬಾಗಿಲ ಮೇಲಿನ ಕೆತ್ತನೆಯಲ್ಲಿ ಕ್ರಿಸ್ತನ ಸುತ್ತ ಬೈಬಲ್ಲಿನ 24 ಹಿರಿಯರು, ಕೈಯಲ್ಲಿ ತಂತಿವಾದ್ಯ, ಬಟ್ಟಲು. ಎಲ್ಲರ ಕತ್ತೂ ಅವನತ್ತಲೇ ತಿರುಗಿದೆ. ಸಂಜೆ ಬಾಗಿಲು ಹಾಕುವ ಮುನ್ನ ನಾನು ಅಲ್ಲಿ ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. 19ನೇ ಶತಮಾನದಲ್ಲಿ ರೈಲು ಹಳಿಗೆಂದು ಮಠದ ಭೋಜನಶಾಲೆಯನ್ನೇ ಕೆಡವಿದರು, ಮೊಗಸಾಲೆ ಉಳಿಯಿತು. 1930ರ ಮಾರ್ಚ್‌ನಲ್ಲಿ ತಾರ್ನ್ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು, ಊರು ಮತ್ತೆ ಎದ್ದಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ನದಿದಂಡೆಯ ಮನೆಯೊಂದರಲ್ಲಿ ಶಾತ್ತಾ ಮತ್ತು ಬೂಲಿ ಸಿಮೋನ್ ದಂಪತಿ ನೂರಾರು ಯಹೂದಿ ಮಕ್ಕಳಿಗೆ ಆಸರೆ ಕೊಟ್ಟರು. ಊರಿನವರು ಗೊತ್ತಿದ್ದೂ ಬಾಯಿ ಬಿಡಲಿಲ್ಲ. 1998ರಲ್ಲಿ ಯುನೆಸ್ಕೋ ಈ ಮಠವನ್ನು ಸಾಂತಿಯಾಗೊ ಯಾತ್ರಾಮಾರ್ಗಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂದವರಿಗೆ ಬಾಗಿಲು ತೆರೆಯುವುದು ಇಲ್ಲಿನ ರೂಢಿ, ನಾವು ಅದನ್ನೇ ನಡೆಸಿಕೊಂಡು ಬರುತ್ತಿದ್ದೇವೆ.

ಆದರೆ ಮಠಕ್ಕೆ ಬರುವ ಸರಕಾರಿ ಹಣ ನಮ್ಮ ಮನೆಗೆ ಬರುವುದಿಲ್ಲ. ಹೋದ ವರ್ಷ ರಿಪೇರಿಗೆ ಬಂದವರು ಒಡೆದ ಹೆಂಚಷ್ಟೇ ಬದಲಿಸಿ ಹೋದರು. ಕೆಳಗೆ ರೀಪು, ಪಕ್ಕಾಸುಗಳು ಕೊಳೆತಿದ್ದವೆಂದು ಈಗ ಗೊತ್ತಾಯಿತು. ಎಲ್ಲ ಇಳಿಸಿ ಹೊಸ ಮರ ಹಾಕಿ, ಗಟ್ಟಿಯಿರುವ ಹಳೆಯ ನಾಡಹೆಂಚುಗಳನ್ನೇ ಮತ್ತೆ ಹೊದಿಸಲು 18ರಿಂದ 20 ಸಾವಿರ ಯೂರೋ ಆಗಬಹುದು. ಕೈಯಲ್ಲಿರುವುದು ಅದರ ಕಾಲು ಭಾಗ. ಸಕಲ ಸಂತರ ಹಬ್ಬದೊಳಗೆ (ನವೆಂಬರ್ 1) ಮುಂಗಡ ಕೊಡದಿದ್ದರೆ ಬಡಗಿಗಳು ವಸಂತದವರೆಗೆ ಸಿಗುವುದಿಲ್ಲ. ಚಳಿಗಾಲವಿಡೀ ಮಹಡಿಗೆ ಬೀಗ ಹಾಕಬೇಕಾಗುತ್ತದೆ.

ತುಲೂಸ್‌ನಿಂದ ವಾರಾಂತ್ಯದಲ್ಲಿ ಬಂದು ಇಲ್ಲಿ ಸೇವೆ ಮಾಡುವ ನಾವು ಕೆಲವು ಕನ್ನಡಿಗರು, ನಮ್ಮವರ ಮುಂದೆ ಕೈಯೊಡ್ಡಲು ಸಂಕೋಚಪಡುತ್ತಿಲ್ಲ. ಹತ್ತು ಯೂರೋ ಆದರೂ ಸರಿ, ದಯವಿಟ್ಟು ಎಂದಿನ ಖಾತೆಗೆ ಕಳಿಸಿ, ‘ಮಾಡು’ ಎಂದು ನಮೂದಿಸಿ. ಹೆಂಚು ಇಳಿಸುವ ದಿನ ಕೈಜೋಡಿಸಲು ಬರುವವರು ಮೊದಲೇ ತಿಳಿಸಿದರೆ ಊಟಕ್ಕೆ ಲೆಕ್ಕ ಹಿಡಿಯುತ್ತೇವೆ.

ಇತಿ,
ಟ್ರಸ್ಟಿಗಳು, ಯಾತ್ರಿಕರ ಮನೆ, ಮ್ವಾಸಾಕ್