ಮಿಸ್ಸುಗಳ ಬಾಯಿಗೆ ಇಂಗ್ಲಿಷ್ ಬರಬೇಕಲ್ಲ, ಸೀನಾ

ಪ್ರೀತಿಯ ಸೀನಾ,

"ನೀವು ಮಿಸ್ಸು-ಮೇಷ್ಟ್ರುಗಳಿಗೆ ಕೊಡುವ ಇಂಗ್ಲಿಷ್ ಟ್ರೈನಿಂಗ್‌ನಿಂದ ಮಕ್ಕಳಿಗೆ ಇಂಗ್ಲಿಷ್ ಬರುತ್ತಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಮೇಷ್ಟ್ರುಗಳೇ ಅಲ್ವಾ.

ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಬರುತ್ತಿದ್ದ ಇಂಗ್ಲಿಷ್ 2007ರಲ್ಲಿ ಒಂದನೇ ಕ್ಲಾಸಿಗೇ ಬಂತು. 2019ರಿಂದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ಕಲಿಸುವವರಲ್ಲಿ ಹೆಚ್ಚಿನವರು ಮಾತ್ರ ನಮ್ಮ ಹಾಗೆ ಕನ್ನಡ ಮೀಡಿಯಮ್ಮಿನವರೇ. ಬೆಂಗಳೂರಿನ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇಂಥವರಿಗೇ ತರಬೇತಿ ಕೊಡುತ್ತಿದೆ. ಅಲ್ಲಿನ 30 ದಿನದ ಕೋರ್ಸಿಗೆ ಹೋಗಿ ಬಂದವರ ಮಾತು ಕೇಳು. ತಿಂಗಳಿಡೀ ಇಂಗ್ಲಿಷಿನಲ್ಲೇ ಇದ್ದರೆ ನಾಲಿಗೆ ಸಡಿಲವಾಗುತ್ತದೆ. ನಮ್ಮ ಬ್ಲಾಕ್ ಮಟ್ಟದ ತರಬೇತಿಯಲ್ಲಿ ಅಷ್ಟು ಹೊತ್ತು ಎಲ್ಲಿ? ಬೆಳಗ್ಗೆ ಹಾಜರಿ, ಆಮೇಲೆ ಪರದೆಯ ಮೇಲೆ ಪಿಪಿಟಿ, ಊಟ, ಸಂಜೆ ಡ್ಯೂಟಿ ಮೇಲೆ ಬಂದಿದ್ದರು ಅನ್ನುವ ಓಓಡಿ ಪತ್ರ. ಬೋಧನಾ ವಿಧಾನದ ಬಗ್ಗೆ ನಾವು ಮಾತಾಡುತ್ತೇವೆ. ಮಾತಾಡಬೇಕಾದವರು ಬರೆದುಕೊಳ್ಳುತ್ತಾ ಕೂತಿರುತ್ತಾರೆ.

ಹೋದ ವಾರ ಒಬ್ಬ ಮೇಡಂ ಊಟದ ಹೊತ್ತಿನಲ್ಲಿ ಕೋತಿಯ ಕಥೆ ಹೇಳಿದರು. ಸುತ್ತ ಕೂತವರೆಲ್ಲ ಅನ್ನದ ತಟ್ಟೆ ಕೆಳಗಿಟ್ಟು ನಕ್ಕರು. ಮಧ್ಯಾಹ್ನ ಅದೇ ಕಥೆ ಇಂಗ್ಲಿಷಿನಲ್ಲಿ ಹೇಳಿ ಅಂದಾಗ ಎದ್ದು ನಿಂತರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಹಾಗೇ ನಿಂತುಬಿಟ್ಟರು. ಇಂಥ ಭಯ ಇರುವವರೇ ಕ್ಲಾಸಿನಲ್ಲಿ "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು" ಅಂತ ರಾಗ ಹಾಕಿಸುವುದು. ಅದರಲ್ಲಿ ಒಂದು ಪೂರ್ತಿ ವಾಕ್ಯವನ್ನೂ ತಾವು ಹೇಳಬೇಕಾಗಿಲ್ಲ ನೋಡು.

ಕಥೆ ಬಿಡಿ, ಬರೀ ಅಪ್ಪಣೆ ಕೊಡಿ ಅಂದೆ. "ಸ್ಟ್ಯಾಂಡ್ ಅಪ್" ಅಂದರು, ಎಲ್ಲರೂ ಎದ್ದರು. "ಗೋ ಟು ದ ಡೋರ್." "ಟಚ್ ದ ಬೋರ್ಡ್." ಸ್ವಲ್ಪ ಹೊತ್ತಿಗೆ "ಜಂಪ್ ಲೈಕ್ ಎ ಮಂಕಿ" ಅಂದರು. ರಿಟೈರ್ ಆಗಲು ಬಂದ ಮೇಷ್ಟ್ರೊಬ್ಬರು ಪಂಚೆ ಎತ್ತಿ ಕಟ್ಟಿ ಕುಣಿದರು ಕಣೋ! ಒಂದನೇ ಕ್ಲಾಸಿಗೆ ಬೇಕಾದ ಇಂಗ್ಲಿಷ್ ಇದೇ. ಮಗು ಮೊದಲು ಕೇಳಬೇಕು, ಕೇಳಿದ್ದನ್ನು ಮಾಡಬೇಕು. ಮಾತು ನಿಧಾನವಾಗಿ ಬರಲಿ. ಬೆಂಗಳೂರಿಗಂತೂ ಇದು ಜಾಸ್ತಿ ಬೇಕು. ಇಲ್ಲಿ ಒಂದೇ ಬೆಂಚಿನಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಎಷ್ಟೋ ಮಕ್ಕಳಿಗೆ ಆ "ಬೆಕ್ಕು" ಕೂಡ ಹೊಸದೇ.

ಆ ಮೇಡಂ ನಿಂತ ರೀತಿ ನನ್ನನ್ನು ಬಿಡುತ್ತಿಲ್ಲ ಸೀನಾ. ಅದು ನನ್ನದೇ ಭಯ. ಮಗಳ ಸ್ಕೂಲಿನ ಮೀಟಿಂಗಿನಲ್ಲಿ ಟೀಚರ್ ಇಂಗ್ಲಿಷ್ ಶುರು ಮಾಡಿದರೆ ನನಗೆ ಈಗಲೂ ಗಂಟಲು ಒಣಗುತ್ತದೆ. ಕೇಳಬೇಕು ಅಂದುಕೊಂಡಿದ್ದನ್ನು ಕೇಳದೇ ಎದ್ದು ಬರುತ್ತೇನೆ. ಮಗಳಿಗೆ ಅದು ಗೊತ್ತಾಗಿದೆ. ಈಗೀಗ ನನ್ನ ಪರವಾಗಿ ಅವಳೇ ಮಾತಾಡುತ್ತಾಳೆ. ಈ ಭಯ ಇಟ್ಟುಕೊಂಡೇ ನಾನು ಉಳಿದವರಿಗೆ ಧೈರ್ಯ ಹೇಳುತ್ತಿದ್ದೇನೆ. ಅವರ ಭಯ ಅವರ ಮಕ್ಕಳಿಗೆ ಅಂಟಬಾರದು ಅನ್ನುವುದೊಂದೇ ನನ್ನ ಆಸೆ. ಪಿಪಿಟಿ ಅರ್ಧಕ್ಕೆ ಇಳಿಸಿ, ಉಳಿದ ಹೊತ್ತೆಲ್ಲ ಅವರಿಗೇ ಮಾತಾಡಲು ಬಿಡಿ ಅಂತ ಮೇಲಿನವರಿಗೆ ಬರೆದಿದ್ದೇನೆ. ತಪ್ಪೋ ಸರಿಯೋ, ಯಾರೂ ಮಧ್ಯೆ ಬಾಯಿ ಹಾಕದೆ.

ಇಷ್ಟೆಲ್ಲ ಇಲ್ಲಿ ಹೇಳಬೇಕು ಅಂದುಕೊಂಡಿರಲಿಲ್ಲ. ಇರಲಿ ಬಿಡು. ದಸರಾ ರಜೆಗೆ ಬಾ, ಗಾಂಧಿ ಬಜಾರಿನಲ್ಲಿ ದೋಸೆ ತಿನ್ನೋಣ, ಬಿಲ್ಲು ನಿನ್ನದೇ. ಬರುವಾಗ ನಿನ್ನ ಮೂರನೇ ಕ್ಲಾಸಿನವರು ಅಂಗಳದಲ್ಲಿ ಆಡುವ ಆಟಗಳನ್ನೆಲ್ಲ ಬರೆದುಕೊಂಡು ಬಾ. ಮುಂದಿನ ತರಬೇತಿಗೆ ಬೇಕು.

ನಿನ್ನ,
ಮಂಜ