ಬೀರುವಿನ ಬೀಗ ತೆಗೆಯಿರಿ

ಮಾನ್ಯರೇ,

ಮಕ್ಕಳು ಓದುವುದಿಲ್ಲ ಎಂದು ದೂರುವ ನಾವೇ ಶಾಲೆಯ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತೇವೆ. ಮಗಳ ಶಾಲೆಗೆ ಹೋದಾಗ ನೋಡಿದೆ. ಗಾಜಿನ ಹಿಂದೆ ಕಥೆ ಪುಸ್ತಕಗಳು ಸಾಲಾಗಿ ನಿಂತಿದ್ದವು, ಬೀಗದ ಕೈ ಯಾರ ಬಳಿ ಇದೆಯೋ ಯಾರಿಗೂ ಗೊತ್ತಿರಲಿಲ್ಲ. ‘ಮಕ್ಕಳ ಕೈಗೆ ಕೊಟ್ರೆ ಹರಿದು ಹಾಕ್ತಾರೆ’ ಎಂಬ ಉತ್ತರ ಬೇರೆ. ಹರಿಯಲಿ ಬಿಡಿ! ಹತ್ತು ಕೈ ದಾಟಿ ಮೂಲೆ ಮಡಚಿದ ಪುಸ್ತಕ, ಗೆದ್ದಲು ತಿಂದ ಪುಸ್ತಕಕ್ಕಿಂತ ಮೇಲು ಅಲ್ವಾ? ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು.

ಇನ್ನೊಂದು ತೊಂದರೆ, ಓದಿದ ಕೂಡಲೇ ಪ್ರಶ್ನೆ ಕೇಳುವ ನಮ್ಮ ಚಾಳಿ. ಕಥೆ ಮುಗಿಯುವ ಮೊದಲೇ ‘ನೀತಿ ಏನು, ಸಾರಾಂಶ ಬರಿ’ ಎಂದರೆ ಅದೂ ಪಾಠವಾಗಿಬಿಡುತ್ತದೆ. ಮಗು ಸುಮ್ನೆ ಓದಲಿ. ಬೇಜಾರಾದರೆ ಅರ್ಧಕ್ಕೆ ಬಿಟ್ಟು ಬೇರೆಯದನ್ನು ಎತ್ತಿಕೊಳ್ಳಲಿ. ಕಾಮಿಕ್ಸ್ ಆದರೂ ಸರಿ.

ವೇಳಾಪಟ್ಟಿಯಲ್ಲಿ ದಿನಕ್ಕೆ 20 ನಿಮಿಷ ಓದಿಗೆಂದೇ ಮೀಸಲಿಡಬಹುದು. ಆ ಹೊತ್ತಿನಲ್ಲಿ ಶಿಕ್ಷಕರೂ ಹಾಜರಿ ಪುಸ್ತಕ, ಮೊಬೈಲು ಬದಿಗಿಟ್ಟು ತಮಗಿಷ್ಟವಾದ ಪುಸ್ತಕ ಹಿಡಿದು ಕೂರಬೇಕು. ದೊಡ್ಡವರು ಓದುವುದನ್ನು ಮಕ್ಕಳು ನೋಡುವುದೇ ಅಪರೂಪ. ಪುಸ್ತಕ ಕೊಡುವ, ವಾಪಸ್ ಪಡೆಯುವ ಕೆಲಸವನ್ನು ಏಳನೇ ತರಗತಿಯ ಮಕ್ಕಳಿಗೇ ವಹಿಸಲಿ. ಬೀಗದ ಕೈಯೂ ಅವರ ಬಳಿಯೇ ಇರಲಿ.

– ಒಬ್ಬ ಪೋಷಕ