ಮಳೆಗಾಲಕ್ಕೆ ಮೊದಲು ಇನ್ನೊಂದು ಪಟ್ಟಿ ಬೇಕು

ಮಾನ್ಯರೇ,

ಮೇ ತಿಂಗಳು ಬಂತೆಂದರೆ ಕೊಡಗಿನಲ್ಲಿ ಮಳೆಗಾಲದ ಪೂರ್ವಸಿದ್ಧತಾ ಸಭೆಗಳು ಶುರು. ಜೆಸಿಬಿ ಎಷ್ಟು, ಬೋಟು ಎಲ್ಲಿ, ಯಾವ ಶಾಲೆ ಕಾಳಜಿ ಕೇಂದ್ರ, ಎಲ್ಲವೂ ನಡಾವಳಿಗೆ ಬರುತ್ತದೆ. ಯಾರ ಮೂಲಕ ಯಾರಿಗೆ ಸುದ್ದಿ ಮುಟ್ಟಬೇಕು ಎಂಬ ಪಟ್ಟಿ ಮಾತ್ರ ಬರುವುದಿಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮೊದಲು ಓಡಿದವರು ನೆರೆಹೊರೆಯವರು, ಸಮಾಜಗಳು (ಸಮುದಾಯದ ಸಂಘಗಳು), ಯುವಕ ಸಂಘಗಳು. ಕಲ್ಯಾಣ ಮಂಟಪದ ಬಾಗಿಲು ತೆಗೆಸಲು ಅರ್ಜಿ ಬೇಕಾಗಲಿಲ್ಲ, ಒಂದು ಫೋನು ಸಾಕಾಯಿತು. ಒಕ್ಕ (ಒಂದೇ ಮೂಲದ ಮನೆತನ), ಕೇರಿ, ನಾಡು (ಊರುಗಳ ಗುಂಪು) ಎಂಬ ಹಳೆಯ ಕಟ್ಟು ಗಟ್ಟಿಯಾಗಿರುವುದರ ಫಲ ಅದು. ಆದರೆ ಸಮಾಜದ ಪುಸ್ತಕದಲ್ಲಿ ಸದಸ್ಯರ ಹೆಸರಿರುತ್ತದೆಯೇ ಹೊರತು ತೋಟದ ಕಾರ್ಮಿಕರಿರುವ ಲೈನ್ ಮನೆಯ ಅಸ್ಸಾಮಿನ ಕುಟುಂಬದ್ದಾಗಲಿ, ಆದಿವಾಸಿ ಹಾಡಿಯ ಯರವರದ್ದಾಗಲಿ ಇರುವುದಿಲ್ಲ. ಬೇಕೆಂದು ಯಾರೂ ಬಿಡುವುದಲ್ಲ. ಗೊತ್ತಿದ್ದವರು ಗೊತ್ತಿದ್ದವರಿಗೇ ಫೋನ್ ಮಾಡಿದರೆ ಹೀಗಾಗುತ್ತದೆ. ಆಪ್ತರ ಬಳಗದಲ್ಲಿ ಸುದ್ದಿ ಅಲ್ಲಲ್ಲೇ ಸುತ್ತುತ್ತದೆ, ಬಳಗದಿಂದ ಬಳಗಕ್ಕೆ ಅದನ್ನು ದಾಟಿಸುವವರು ಮುಖಪರಿಚಯದವರು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು.

ನಮ್ಮಲ್ಲಿ ಅಂಥವರು ಯಾರು? ಆಶಾ, ಅಂಗನವಾಡಿ ಕಾರ್ಯಕರ್ತೆ, ಲೈನ್‌ಮನ್, ಅಂಚೆಯವರು, ತೋಟದ ಲೆಕ್ಕ ಬರೆಯುವ ರೈಟರ್. ಅಂಗನವಾಡಿಯ ರಿಜಿಸ್ಟರ್ ತೆರೆದು ನೋಡಿ: ಯಾವ ಮನೆಯಲ್ಲಿ ಬಸುರಿ, ಎಲ್ಲಿ ಬಾಣಂತಿ, ಆರು ವರ್ಷದೊಳಗಿನ ಮಕ್ಕಳೆಷ್ಟು, ಎಲ್ಲ ಮನೆವಾರು ಸಿಗುತ್ತದೆ. ರೇಷನ್ ಕಾರ್ಡ್ ಇಲ್ಲದವರ ಮಕ್ಕಳೂ ಬಹಳ ಕಡೆ ಅದರಲ್ಲಿರುತ್ತಾರೆ. ತಾಲ್ಲೂಕು ಕಚೇರಿಯ ಯಾವ ಕಡತಕ್ಕಿಂತಲೂ ಅದು ಮೇಲು.

ಲೈನ್ ಮನೆಗಳ ವಿಷಯದಲ್ಲಿ ಮೇಸ್ತ್ರಿ ಒಬ್ಬರನ್ನೇ ನಂಬಿ ಕೂರುವುದು ದೊಡ್ಡ ತಪ್ಪು. ಅವರ ಫೋನಿನ ಚಾರ್ಜ್ ಮುಗಿದರೆ, ಬಟವಾಡೆ ಮುಗಿಸಿ ಪೇಟೆಗೆ ಹೋಗಿದ್ದರೆ, ಇಡೀ ಲೈನಿಗೆ ಸುದ್ದಿಯೇ ಇಲ್ಲ. ಪ್ರತಿ ಲೈನಿಗೆ ಎರಡು ಹೆಸರಿರಲಿ: ಅಲ್ಲೇ ವಾಸವಿರುವ ಒಬ್ಬ ಹೆಂಗಸು, ಹೊರಗಿನಿಂದ ಆ ವಾರ್ಡಿನ ಆಶಾ. ಅಲ್ಲಿಯವರಿಗೆ ಯಾವ ಭಾಷೆ ತಿಳಿಯುತ್ತದೆ ಎಂದೂ ಪಕ್ಕದಲ್ಲಿ ಬರೆದಿಡಬೇಕು. ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಬಿಟ್ಟುಹೋದ ಮನೆ ಯಾವುದೆಂದು ಜನರೇ ಹೇಳುತ್ತಾರೆ. ಸಭೆ ಕೆಲಸದ ದಿನ ಬೇಡ. ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಆಮೇಲೆ 'ಜನರಿಗೆ ಆಸಕ್ತಿಯಿಲ್ಲ' ಎಂದು ಷರಾ ಬರೆದುಬಿಡುತ್ತಾರೆ!

ಇನ್ನು ಪರಿಹಾರಕ್ಕೆಂದು ಸಂಘಗಳು ಎತ್ತುವ ದುಡ್ಡಿನ ವಿಚಾರ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಆ ಏಳೂ ಜನ ಒಂದೇ ಮದುವೆ ಫೋಟೋದಲ್ಲಿ ಸಿಗುವುದೂ ಉಂಟು. ಅಧ್ಯಕ್ಷರ ಭಾವನೇ ಖಜಾಂಚಿಯಾದರೆ ಕೆಲಸ ಬೇಗ ಸಾಗುತ್ತದೆ, ಆದರೆ ವೋಚರ್ ಕೇಳುವ ಬಾಯಿ ಇರುವುದಿಲ್ಲ. 'ನಮ್ಮವರೇ ಅಲ್ವಾ' ಎಂಬ ಒಂದು ಮಾತಿಗೆ ಲೆಕ್ಕವೆಲ್ಲ ಮುಗಿದುಹೋಗುತ್ತದೆ. ಕಳ್ಳತನಕ್ಕಿಂತ ಇದರಿಂದಲೇ ಸಂಘಗಳು ಹೆಚ್ಚು ಹಾಳಾಗುವುದು. ಚೆಕ್ಕಿಗೆ ಸಹಿ ಹಾಕುವ ಇಬ್ಬರು ಸಂಬಂಧಿಕರಾಗಿರಬಾರದು. ದೇಣಿಗೆಯನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳುವುದು ಒಳ್ಳೆಯದು. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟ ದಾನಿಗೆ ಆದಾಯ ತೆರಿಗೆ ವಿನಾಯಿತಿಯೂ ಸಿಗುವುದಿಲ್ಲ. ಸಾಮಾನಿಗೆ ದಾಸ್ತಾನು ಪುಸ್ತಕವಿಟ್ಟು ಬಂದದ್ದು, ಹೋದದ್ದು, ಉಳಿದದ್ದನ್ನು ಅಂದಂದೇ ಬರೆಯಬೇಕು. ಇದಿಲ್ಲದೆ ಒಂದೇ ಕೇಂದ್ರಕ್ಕೆ ಮೂರು ಕಡೆಯಿಂದ ಬ್ರೆಡ್ಡು ಬಂದು ಬೂಸ್ಟು ಹಿಡಿಯುತ್ತದೆ, ಪಕ್ಕದ ಕೇಂದ್ರದಲ್ಲಿ ಬಿಪಿ ಮಾತ್ರೆಗೆ ಪರದಾಟ.

ಒಳ್ಳೆಯ ಮಾದರಿ ನಮ್ಮಲ್ಲೇ ಇದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದ ಹೊಣೆ ಪ್ರತಿ ಸಲ ಬೇರೊಂದು ಒಕ್ಕಕ್ಕೆ ಹೋಗುತ್ತದೆ. ಪರಿಹಾರ ಸಮಿತಿಗಳಲ್ಲೂ ಪದಾಧಿಕಾರಿಗಳು ಹೀಗೇ ಬದಲಾಗಲಿ. ಆದರೆ ಒಕ್ಕದಿಂದ ಒಕ್ಕಕ್ಕಲ್ಲ, ಸಮಾಜ, ಹಾಡಿ, ಲೈನ್ ಮನೆ, ಮಸೀದಿ, ಚರ್ಚ್ ಎಲ್ಲರ ನಡುವೆ. ಲೆಕ್ಕ ಪುಸ್ತಕ ಮಾತ್ರ ಒಂದೇ ಮುಂದುವರಿಯಲಿ.

ಐದೂ ತಾಲ್ಲೂಕುಗಳಲ್ಲಿ ಜಿಲ್ಲಾಡಳಿತ ಈ ಪಟ್ಟಿಯನ್ನು ಮೇ ಕೊನೆಯೊಳಗೆ ಮಾಡಿಸಬೇಕು. ವಾಟ್ಸ್‌ಆ್ಯಪ್‌ಗೆ ಹಾಕಿ ಕೈ ತೊಳೆದುಕೊಂಡರೆ ಸಾಲದು, ಕರೆಂಟು ಹೋದ ಮರುದಿನ ಟವರೂ ಇರುವುದಿಲ್ಲ. ಒಂದು ಮುದ್ರಿತ ಪ್ರತಿ ಪಂಚಾಯಿತಿಯಲ್ಲಿ, ಇನ್ನೊಂದು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಇರಲಿ.

– ಇಬ್ಬರು ನಿವೃತ್ತ ಸಹಕಾರಿ ನೌಕರರು, ಸೋಮವಾರಪೇಟೆ